ಉತ್ತರವಿಲ್ಲ

ನನ್ನದು ಬೆರಳಿನ ಕಸುಬು.
ಇಪ್ಪತ್ತೆರಡು ಕೀಲಿ, ಸದ್ದೇ ಇಲ್ಲದ ಪುಟ್ಟ ಯಂತ್ರ
ಮಂಡಿಗಳ ನಡುವೆ. ಆರ್ಕನ್ಸಾದ ಈ ಟಾಲ್ಬರ್ಟ್ ಕೌಂಟಿಯ ಕೋರ್ಟಿನಲ್ಲಿ
ಮೂವತ್ತೊಂದು ವರ್ಷ, ಆಡಿದವರ ಮಾತನ್ನೆಲ್ಲ ಒತ್ತಿದೆ.
‘ಓದಿ ಹೇಳಿ’ ಎಂದರೆ ಜಡ್ಜು, ಓದಿ ಹೇಳುತ್ತಿದ್ದೆ,
ಬೈಗುಳವನ್ನೂ ಪ್ರಾರ್ಥನೆಯನ್ನೂ ಒಂದೇ ದನಿಯಲ್ಲಿ.
ಆಡದ ಮಾತಿಗೆ ಮಾತ್ರ ಕೀಲಿಯಿಲ್ಲ.

ಹಾಲಿಸ್ ಕ್ರಾಂಡಲ್ ಆಗ ಬರೀ ಪೆಟ್ಟಿಗೆ ಹೊರುವ ಕಿರಿಯ ವಕೀಲ.
ಒಮ್ಮೆ ಎದ್ದು ನಿಂತು ‘ಆಕ್ಷೇಪಣೆ!’ ಎಂದ,
ಯಾವುದಕ್ಕೆಂದು ಮರೆತು ಕೂತ. ಅದೂ ನನ್ನ ಕಾಗದದಲ್ಲಿದೆ.
ಈಗ ಅವನ ಕಾದಂಬರಿ ವಿಮಾನ ನಿಲ್ದಾಣಗಳಲ್ಲಿ
ಚೂಯಿಂಗ್ ಗಮ್ಮಿನ ಪಕ್ಕ ಬಿಕರಿಗಿದೆ.
ನಾನೂ ಇದ್ದೇನೆ, ಇನ್ನೂರ ಹನ್ನೊಂದನೇ ಪುಟ:
‘ಸ್ಟೆನೋಗ್ರಾಫರ್ ಕೂಡ ಕಣ್ಣೊರೆಸಿಕೊಂಡಳು.’
ಸುಳ್ಳು.
ನನ್ನ ಎರಡೂ ಕೈಗೆ ಕೆಲಸವಿತ್ತು.

ನಡೆದದ್ದು ಇಷ್ಟು. ಹತ್ತಿ ಗಿರಣಿಗೆ ಬೆಂಕಿ ಬಿತ್ತು,
ಒಳಗೆ ಮಲಗಿದ್ದ ಇಬ್ಬರು ಹೋದರು,
ರಾತ್ರಿ ಕಾವಲಿನ ಲಾಂಜೊ ಪೆಟಸ್‌ನನ್ನು ಹಿಡಿದರು.
ಸಾಕ್ಷಿಗೆ ಬಂದಳು ತಂಗಿ ನೀವಾ, ಹತ್ತೊಂಬತ್ತು ತುಂಬದ ಹುಡುಗಿ,
ಯಾರದೋ ಬಿಳಿ ಬೂಟು, ಒಂದಳತೆ ದೊಡ್ಡದು.
‘ಆ ರಾತ್ರಿ ಗಿರಣಿಯ ಬೀಗದ ಕೈ ಯಾರ ಬಳಿ ಇತ್ತು?’
ಎರಡನೇ ಸಾಲಿನಲ್ಲಿ ಗಿರಣಿಯ ಧಣಿ,
ಟೋಪಿ ಮೊಣಕಾಲ ಮೇಲೆ.
ಅವರ ಮನೆಯ ಬಟ್ಟೆ ಒಗೆಯುತ್ತಿದ್ದವಳು ನೀವಾಳ ತಾಯಿ.
ಫ್ಯಾನು ತಿರುಗಿತು.
ಒತ್ತಿದೆ: ಉತ್ತರವಿಲ್ಲ.
ಜ್ಯೂರಿ ನಲವತ್ತು ನಿಮಿಷಕ್ಕೆ ಹೊರಬಂತು, ಊಟವೂ ಸೇರಿ.
ಜೈಲಿನ ಹೊಲದಲ್ಲಿ ಲಾಂಜೊ ನಾಲ್ಕನೇ ಬೇಸಿಗೆ ದಾಟಲಿಲ್ಲ.

ಕಾದಂಬರಿಯಲ್ಲಿ ಆ ಮೌನ ಮೂರೂವರೆ ಪುಟ.
ಅದರ ತುದಿಗೆ ನೀವಾ ಎದ್ದು ಧಣಿಯತ್ತ ಬೆರಳು ಚಾಚುತ್ತಾಳೆ,
ಅಣ್ಣ ಮನೆಗೆ ಬರುತ್ತಾನೆ,
ಓದಿದವರು ನೆಮ್ಮದಿಯಾಗಿ ದೀಪ ಆರಿಸುತ್ತಾರೆ.
ಸತ್ತ ಎಮ್ಮೆಗೆ ಹತ್ತು ಸೇರು ಹಾಲು.

ಸಿನಿಮಾ ತೆಗೆದದ್ದು ಜಾರ್ಜಿಯಾದಲ್ಲಿ, ತೆರಿಗೆ ಕಡಿಮೆಯಂತೆ.
ನಮ್ಮ ನದಿಗೂ ಡೂಪು ಹಾಕಿದ್ದರು.
ಮೌನದ ತುಂಬ ಪಿಟೀಲು. ನನ್ನ ಜಾಗದಲ್ಲಿ
ಉದ್ದುಗುರಿನ ಚೆಲುವೆ; ಆ ಉಗುರಿಟ್ಟುಕೊಂಡು
ಒಂದು ‘ಹೌದು’ ಕೂಡ ಒತ್ತಲಾಗದು.

ಆಮೇಲೆ ಎಂಟು ಕಂತಿನ ಧಾರಾವಾಹಿ ಬಂತು.
ಮೂರನೇ ಕಂತು ಸರಿಯಾಗಿ ಪ್ರಶ್ನೆಗೇ ನಿಂತಿತು,
ಬೀಗದ ಕೈಯ ಉತ್ತರ ಮುಂದಿನ ವಾರ.
ನಾನು ಇರಲೇ ಇಲ್ಲ. ಮೇಜಿನ ಮೇಲೊಂದು ಮೈಕು ಇತ್ತು.

ಮರುದಿನ ಹಿತ್ತಿಲ ಬಾಗಿಲು ತಟ್ಟಿದವಳು ನೀವಾ.
ಅರವತ್ತು ದಾಟಿದ್ದಾಳೆ, ಕೈಯಲ್ಲಿ ಜೋಳದ ರೊಟ್ಟಿಯ ಬಾಣಲೆ,
ಇನ್ನೂ ಬಿಸಿ. ಕೂರಲಿಲ್ಲ.
‘ನಾನು ಹೇಳಿದ್ದೆ ಅಲ್ಲವಾ?
ನೋಡಿ ನೋಡಿ ನನಗೇ ಹಾಗನ್ನಿಸುತ್ತಿದೆ.
ಹೇಳಿದ ಹಾಗೆ. ಬೆರಳು ಚಾಚಿದ ಹಾಗೆ.
ನಿನ್ನ ಕಾಗದ ಇದೆಯಲ್ಲ, ಓದಿ ಹೇಳು.’

ಮಂಚದಡಿಯ ಡಬ್ಬ ಎಳೆದೆ.
ಮಡಿಕೆ ಮಡಿಕೆಯಾದ ಹಳದಿ ಪಟ್ಟಿ,
ನನ್ನ ಹೊರತು ಯಾರಿಗೂ ಅರ್ಥವಾಗದ ಅಕ್ಷರ.
ಒಂದು ಗಳಿಗೆ ಅದೂ ತಲೆಗೆ ಬಂತು:
ಏನು ಓದಿದರೂ ನಡೆಯುತ್ತದೆ.

ಪ್ರಶ್ನೆ ಓದಿದೆ. ಉತ್ತರ ಓದಿದೆ.

‘ಎಷ್ಟು ಹೊತ್ತು?’ ಎಂದಳು.
ಫ್ಯಾನಿನ ಒಂದು ರೆಕ್ಕೆಗೆ ಕೆಂಪು ಬಣ್ಣ ಮೆತ್ತಿತ್ತು.
ಅವತ್ತು ಮೊದಲ ಬಾರಿಗೆ ಕೈ ಖಾಲಿ,
ಎಣಿಸಿದ್ದೆ: ಹದಿನೇಳು ಸುತ್ತು.

ಅವಳು ಬಾಣಲೆಯನ್ನು ಒಲೆಯ ಮೇಲಿಟ್ಟಳು, ಕುರ್ಚಿ ಎಳೆದಳು.
‘ಇನ್ನೊಮ್ಮೆ ಓದು.’

ಓದಿದೆ.
ಎರಡನೇ ಸಲವೂ ಅದೇ ಇತ್ತು.